ಆಲದ ಬಾವಿ ಹತ್ರ ನೀರು ಬತ್ತೋ ಜೀಪು

ಬನ್ನಿ ಇತ್ತ. ಚಾಪೆ ಮೇಲೆ ಒತ್ತೊತ್ತಾಗಿ ಕೂತ್ಕೊಳ್ಳಿ, ಆದ್ರೆ ಬಾಗಿಲ ಕಡೆಗೆ ಬೆನ್ನು ಮಾಡಬೇಡಿ. ಹಿತ್ತಲಿಗೆ ಹೋಗೋರು ಇದ್ರೆ ಈಗ್ಲೇ ಹೋಗಿ ಬಂದುಬಿಡಿ. ಅರ್ಧ ಕತೆಯಲ್ಲಿ "ಅಜ್ಜೀ, ಜೊತೆಗೆ ಬಾ" ಅಂದ್ರೆ ನಾನು ಬರೋಳಲ್ಲ.

ಇದು ಯಾರೋ ಹೆಣೆದದ್ದಲ್ಲ. ನಮ್ಮ ಚಿಕ್ಕಪ್ಪನ ಮಗ ಗಂಗುಲಪ್ಪ ಇದ್ನಲ್ಲ, ಗೌನಿಪಲ್ಲಿ ಹತ್ರ ಮಾವಿನ ತೋಪಿನೋನು, ಅವನ ಅಳಿಯ ಕದಿರೇಶನಿಗೆ ಆದದ್ದು. ಎಂಬತ್ತನೇ ಇಸ್ವಿ ಆಸುಪಾಸು. ಸಂಕ್ರಾಂತಿ ಕಳೆದು ಎಂಟು ದಿನ ಆಗಿರಬೇಕು.

ಆ ರಾತ್ರಿ ಕದಿರೇಶ ಖಾಲಿ ಡಬ್ಬಾ ಹಿಡ್ಕೊಂಡು ಒಬ್ಬನೇ ಮನೆ ಕಡೆ ನಡೆದು ಬರ್ತಿದ್ದ. ಹಿಂದೆ, ಒಂದು ಫರ್ಲಾಂಗು ದೂರದಲ್ಲಿ, ಅವನ ಜೀಪು ರಸ್ತೆ ಪಕ್ಕ ಹೊಗೆ ಬಿಡ್ತಾ ನಿಂತಿತ್ತು. ರೇಡಿಯೇಟರ್‌ನಲ್ಲಿ ಒಂದು ತೊಟ್ಟು ನೀರಿಲ್ಲ. ಮುಂದೆ ಆಲದ ಮರ. ಮರದ ಕೆಳಗೆ ಹಳೇ ಬಾವಿ. ಬಾವಿಯಲ್ಲಿ ನೀರಿತ್ತು, ಸೇದೋಕೆ ಹಗ್ಗ ಇರಲಿಲ್ಲ. ಮನೆ ಇನ್ನೂ ಮೂರು ಮೈಲಿ.

ಚಪ್ಪಲಿ ಸದ್ದು... ಸರಕ್, ಸರಕ್. ಡಬ್ಬಾದ ಹಿಡಿ ಸದ್ದು... ಕಿರ್, ಕಿರ್. ಆಲದ ನೆರಳಿಗೆ ಬಂದಾಗ ಇನ್ನೊಂದು ಸದ್ದು ಸೇರ್ಕೊಂತು.

ಗುಳುಕ್... ಗುಳುಕ್... ಗುಳುಕ್...

ಬಾಯಾರಿದೋರು ಚೊಂಬು ಎತ್ತಿ ಕುಡೀತಾರಲ್ಲ, ಹಾಗೆ. ಬಾವಿ ಕಟ್ಟೆ ಕೆಳಗಿಂದ. ಆಮೇಲೆ ಗಾಳಿ ಎಳೆದ ಹಾಗೆ ಒಂದು ಹೆಣ್ಣು ದನಿ...

"ನಿಲ್ಲೂ..."

ಕದಿರೇಶನಿಗೆ ಮೈಯೆಲ್ಲಾ ಮುಳ್ಳೆದ್ದಿತು. ರಾತ್ರಿ ಹೊತ್ತು ಯಾವುದಾದ್ರೂ "ನಿಲ್ಲು" ಅಂದ್ರೆ ನಿಲ್ಲಬಾರದು, ತಿರುಗಿ ನೋಡಬಾರದು ಅಂತ ಅವರಮ್ಮ ಹೇಳಿ ಬೆಳೆಸಿದ್ಲು. ಅವನು ನಿಲ್ಲಲಿಲ್ಲ. ಡಬ್ಬಾ ಬಿಸಾಕಿ ಓಡಿದ. ಮನೆಗೆ ಬಂದು ಕೇಳಿದೋರಿಗೆ ಒಂದೇ ಮಾತು: "ನೀರು ಸೋರಿಹೋಯ್ತು."

ಜೀಪಿನ ಕತೆ ಹೇಳಬೇಕು ಈಗ. ಅದು ತಿಳೀದಿದ್ರೆ ಇದು ತಿಳಿಯಲ್ಲ.

ಕದಿರೇಶ ಮಾಲೂರು ತಾಲೂಕಿನೋನು, ಶಿವಾರಪಟ್ಟಣದ ಪಕ್ಕದ ಹಳ್ಳಿ. ಮಾಲೂರಲ್ಲಿ ಹೆಂಚಿನ ಲಾರಿ ಓಡಿಸ್ತಿದ್ದ. ಗಂಗುಲಪ್ಪನಿಗೆ ಒಬ್ಬಳೇ ಮಗಳು ಶಾಮಲ. ಹಾಗಾಗಿ ಮನೆ ಅಳಿಯನಾಗಿ ಬಂದ. ಅವನದು ಅಚ್ಚ ಕನ್ನಡ, ಇವರದು ಮನೆಯೊಳಗೆ ತೆಲುಗು, ಹೊರಗೆ ಎರಡೂ ಬೆರಕೆ. ಮದುವೆಗೆ ಮಾವ ಮೋಟಾರ್ ಸೈಕಲ್ಲು ಕೊಟ್ಟಿದ್ದ. ಅದರ ಮೇಲೆ ಗಂಡ ಹೆಂಡ್ತಿ ಶ್ರೀನಿವಾಸಪುರಕ್ಕೆ ಹೋಗಿ ಬರ್ತಿದ್ರೆ ನೋಡೋಕೆ ಎರಡು ಕಣ್ಣು ಸಾಲದು.

ಮೊದಲ ಹೆರಿಗೆ ನೋವು ಬಂದಿದ್ದು ರಾತ್ರಿ. ಬಸ್ಸಿಲ್ಲ. ಆ ನೋವಿನೋಳನ್ನ ಮೋಟಾರ್ ಸೈಕಲ್ ಹಿಂದೆ ಹೇಗೆ ಕೂರಿಸ್ತೀರಾ? ಎತ್ತಿನ ಗಾಡಿ ಕಟ್ಟಿದ್ರು. ಹದಿನೈದು ಮೈಲಿ. ಶ್ರೀನಿವಾಸಪುರದ ಆಸ್ಪತ್ರೆ ಮುಟ್ಟೋ ಹೊತ್ತಿಗೆ ಬೆಳಕು ಹರಿದಿತ್ತು... ಮಗು ಅಳಲಿಲ್ಲ.

ಎರಡನೇ ಸಲ ಬಸಿರು ನಿಂತಾಗ ಕದಿರೇಶ ಯಾರನ್ನೂ ಕೇಳಲಿಲ್ಲ. ಮೋಟಾರ್ ಸೈಕಲ್ಲು ಕೊಟ್ಟು, ಹರಾಜಿನಲ್ಲಿ ಬಂದಿದ್ದ ಹಳೇ ಜೀಪು ತಂದು ಬಾಗಿಲಲ್ಲಿ ನಿಲ್ಲಿಸಿದ. "ಈ ಸಲ ನಿನ್ನನ್ನ ಮುಕ್ಕಾಲು ಗಂಟೆಗೆ ಆಸ್ಪತ್ರೆ ಬಾಗಿಲಲ್ಲಿ ಇಳಿಸ್ತೀನಿ" ಅಂದ. ಶಾಮಲ ಜೀಪಿನ ಮೂತಿಗೆ ಕುಂಕುಮ ಇಟ್ಟಳು. ಕುರುಡುಮಲೆ ಗಣಪನ ಮುಂದೆ ಕಾಯಿ ಒಡೆದು ಚಕ್ರಕ್ಕೆ ನಿಂಬೆಹಣ್ಣು ಕೊಟ್ಟೂ ಆಯ್ತು. ರಾತ್ರಿಯಲ್ಲಿ ಒಂದು ಸಲ ಓಡಿಸಿ ನೋಡೋಣ ಅಂತ ಹೊರಟವನು, ನಾನು ಹೇಳಿದ ಹಾಗೆ ಖಾಲಿ ಡಬ್ಬಾ ಹಿಡ್ಕೊಂಡು ನಡೆದು ಬಂದ.

ಗಂಗುಲಪ್ಪ ಮೀಸೆಯಲ್ಲೇ ನಕ್ಕ. ಅಳಿಯನಿಗೆ ಅವನು ತೆಲುಗಲ್ಲಿ ಅಲ್ಲುಡು ಅಂತಿದ್ದ. "ಏಮಯ್ಯಾ ಅಲ್ಲುಡಾ, ನಿನ್ನ ಗಾಡಿ ರಾತ್ರಿ ಹೊತ್ತು ಶ್ರೀನಿವಾಸಪುರ ಮುಟ್ಟೋವರೆಗೂ ನನ್ನ ಮಗಳು ಆ ಡಬ್ಬಾ ಹತ್ತಲ್ಲ. ನನ್ನ ಎತ್ತು ನೀರು ಕುಡೀತವೆ, ಸೋರಿಸಲ್ಲ."

ಮಾರನೇ ದಿನ ಕದಿರೇಶ ನೀರು ತುಂಬಿಸಿ ಶ್ರೀನಿವಾಸಪುರಕ್ಕೆ ಹೋದ. ಹಗಲಲ್ಲಿ ಅದು ದೇವರ ಹಸುವಿನ ಹಾಗೆ ಹೋಯ್ತು. ಬಸ್ ಸ್ಟ್ಯಾಂಡ್ ಹಿಂದೆ ಮುನಿಶಾಮಿಯ ಶೆಡ್ಡು. ಬೀಡಿ ಕಚ್ಚಿಕೊಂಡೇ ಮಾತಾಡೋನು, ಆದ್ರೆ ಆ ತಾಲೂಕಿಗೆಲ್ಲಾ ಅವನೇ ದೊಡ್ಡ ಮೆಕಾನಿಕ್ಕು.

"ಲೇ ಕದಿರೇಶ, ನೀರಿಗೆ ರೆಕ್ಕೆ ಇಲ್ಲ. ಹೋಗಿದೆ ಅಂದ್ರೆ ದಾರಿ ಇರಲೇಬೇಕು. ಹುಡುಕೋಣ ಬಾ."

ರೇಡಿಯೇಟರ್ ಬಿಚ್ಚಿದ್ರು. ಬಾಯಿಗಳಿಗೆಲ್ಲಾ ರಬ್ಬರ್ ತುರುಕಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದ್ರು. ಫುಸ್... ಫುಸ್... ತೂತಿದ್ರೆ ಗುಳ್ಳೆ ಏಳಬೇಕು. ಒಂದು ಗುಳ್ಳೆ ಏಳಲಿಲ್ಲ. ಹೋಸ್ ಪೈಪು ಚೆನ್ನಾಗಿದ್ರೂ ಹೊಸದು ಹಾಕಿದ್ರು. ಕ್ಲಿಪ್ಪು ಬಿಗಿ ಮಾಡಿದ್ರು. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತಂತೆ, ಪಂಪು ಕೆಟ್ರೆ ಅಲ್ಲಿ ತೊಟ್ಟಿಕ್ಕುತ್ತಂತೆ. ಬೆರಳಿಟ್ಟು ನೋಡಿದ್ರು. ಒಣಗಿತ್ತು. ನೀರು ಇಂಜಿನ್ ಒಳಕ್ಕೆ ಹೋದ್ರೆ ಆಯಿಲ್ಲು ಮಜ್ಜಿಗೆ ಥರ ಆಗುತ್ತಂತೆ. ಆಯಿಲ್ಲು ಅಳೆಯೋ ಕಡ್ಡಿ ಎತ್ತಿ ನೋಡಿದ್ರು. ಕಾಡಿಗೆ ಥರ ಕಪ್ಪಗಿತ್ತು.

"ಎಲ್ಲಾ ಸರಿ ಇದೆ ಕಣೋ" ಅಂದ ಮುನಿಶಾಮಿ.

"ಎಲ್ಲಾ ಸರಿ ಇದ್ರೆ ನೀರು ಎಲ್ಲಿಗೆ ಹೋಯ್ತಣ್ಣ? ಸಂತೆಗಾ?"

ಮುನಿಶಾಮಿ ಬೀಡಿ ಹಚ್ಚಿದ.

ಅವತ್ತು ರಾತ್ರಿ ಕದಿರೇಶ ಅಂಗಳದಲ್ಲಿ ಜೀಪಿನ ಕೆಳಗೆಲ್ಲಾ ರಂಗೋಲಿ ಪುಡಿ ಹರಡಿ ಮಲಗಿದ. ಒಂದು ಹನಿ ಬಿದ್ರೂ ಗುರುತು ಕಾಣಬೇಕು. ಬೆಳಗ್ಗೆ ನೋಡಿದ್ರೆ ಇರುವೆ ಓಡಾಡಿದ ದಾರಿ ಬಿಟ್ಟು ಇನ್ನೇನೂ ಇಲ್ಲ.

ನಾಲ್ಕು ದಿನ ಬಿಟ್ಟು ರಾತ್ರಿ ಮತ್ತೆ ಹೊರಟ. ಈ ಸಲ ಹಿಂದಿನ ಸೀಟಿನಲ್ಲಿ ಹಳೇ ಸೀಮೆಎಣ್ಣೆ ಡಬ್ಬಾ ತುಂಬ ನೀರು, ಮುಚ್ಚಳ ಒತ್ತಿ, ಮೇಲೆ ಬಟ್ಟೆ ಕಟ್ಟಿ. ಸೋರಿದ್ರೆ ಸೋರಲಿ, ಹುಯ್ಕೊಂಡು ಹೋಗ್ತೀನಿ ಅಂತ ಹಟ. ಬಾವಿಗೆ ಅರ್ಧ ಮೈಲಿ ಇರುವಾಗ ನಿಲ್ಲಿಸಿ ರೇಡಿಯೇಟರ್ ನೋಡಿದ. ಬಾಯಿ ಮಟ್ಟಕ್ಕೆ ನೀರು. ಆಲದ ಮರದ ಕೆಳಗೆ ಹೋಗುವಾಗ ಮತ್ತೆ ಅದೇ... "ನಿಲ್ಲೂ..." ಕಾಲು ಒತ್ತಿದ. ಜೀಪು ಕೂಗ್ಕೊಂಡು ಹಾರಿತು. ಒಂದು ಫರ್ಲಾಂಗು ದಾಟಿ ನಿಲ್ಲಿಸಿದ. ಮುಚ್ಚಳ ತೆಗೆದು ಒಳಗೆ ಬೆರಳು ಹಾಕಿದ.

ಒಣಗಿತ್ತು.

ಕೆಳಗೆ ಬಗ್ಗಿ ಕಡ್ಡಿ ಗೀರಿ ನೋಡಿದ. ಮಣ್ಣು ಒಣಗಿತ್ತು. ಹಿಂದಿನ ಡಬ್ಬಾ ಅಲುಗಿಸಿದ. ಕಟ್ಟಿದ ಬಟ್ಟೆ ಕಟ್ಟಿದ ಹಾಗೇ ಇದೆ... ಡಬ್ಬಾ ಖಾಲಿ.

ಹೆದರಿಕೆಗಿಂತ ಅವನಿಗೆ ಸಿಟ್ಟು ಬಂತು ನೋಡಿ! ಟೈರಿಗೆ ಒದ್ದ. ಹೆಬ್ಬೆರಳ ಉಗುರು ಕಿತ್ತುಬಂತು. ಆ ಕತ್ತಲಲ್ಲಿ ರಸ್ತೆ ಮೇಲೆ ಕೂತು, ಕಾಲು ಹಿಡ್ಕೊಂಡು, ಗಂಡಸು ಬಿಕ್ಕಿ ಬಿಕ್ಕಿ ಅತ್ತ.

ಆಮೇಲೆ ಯಾರು ಏನು ಹೇಳಿದ್ರೂ ಮಾಡೋಕೆ ಶುರು ಮಾಡಿದ. ಅರಿಶಿನ ಪುಡಿ ಹಾಕು ಅಂದ್ರು, ಹಾಕಿದ. ಮೊಟ್ಟೆ ಬಿಳಿ ಹಾಕು ಅಂದ್ರು, ಆರು ಮೊಟ್ಟೆ ಒಡೆದ. ಕಡೆಗೆ ತಾನೇ ಯೋಚನೆ ಮಾಡಿ, ಕಣ್ಣಿಗೆ ಕಾಣದ ತೂತು ಇದ್ರೆ ರಾಗಿ ಹಿಟ್ಟು ಹೋಗಿ ಮುಚ್ಕೊಳ್ಳುತ್ತೆ ಅಂತ ಒಂದು ಸೇರು ಹಿಟ್ಟು ಸುರಿದ. ಕೋಲಾರದ ಸೀಮೆಯೋರಿಗೆ ರಾಗಿ ಮೇಲೆ ಅಷ್ಟು ನಂಬಿಕೆ! ಮರುದಿನ ಹಗಲಲ್ಲಿ ತೋಪಿಗೆ ಹೊರಟ್ರೆ ಬಸ್ಸು ನಿಲ್ಲೋ ಕಟ್ಟೆ ಮುಂದೆ ಮುಚ್ಚಳ ಹಾರಿ, ಕೊತ ಕೊತ ಕುದಿಯೋ ಅಂಬಲಿ ಬಾನೆಟ್ಟಿನ ಸಂದಿಯಿಂದೆಲ್ಲಾ ಉಕ್ಕಿ ಬಂತು. ಊರೇ ನಿಂತು ನೋಡಿತು.

"ಏಮಯ್ಯಾ ಅಲ್ಲುಡಾ" ಅಂತ ಗಂಗುಲಪ್ಪ ಎಲ್ಲರ ಮುಂದೆ ಕೂಗಿದ, "ಅಂಬಲಿ ಆಯ್ತು. ಇನ್ನೊಂದು ಕುದಿ ಬಂದ್ರೆ ಮುದ್ದೆ. ಸಾರಿಗೆ ಹೇಳಿಕಳಿಸ್ಲಾ?"

ಆ ಅಂಬಲಿ ತೊಳೆಯೋಕೆ ಮೂರು ದಿನ ಹಿಡೀತು. ಹುಣಸೇನೀರು ಹಾಕಿ, ಬಿಸಿನೀರು ಹಾಕಿ, ಸಣ್ಣ ಸಣ್ಣ ಕೊಳವೆಗೆಲ್ಲಾ ತೆಂಗಿನಗರಿ ಕಡ್ಡಿ ತೂರಿಸಿ ಕೆರೆದು ಕೆರೆದು ಅವನ ಬೆರಳೆಲ್ಲಾ ಬಿಳಿಚಿಕೊಂಡಿತ್ತು. ಬೈದ. ರೇಡಿಯೇಟರ್‌ನ ಬೈದ, ಹರಾಜಿನೋರನ್ನ ಬೈದ, ತನ್ನನ್ನೂ ಬೈಕೊಂಡ. ಶಾಮಲ ಹೊಟ್ಟೆ ಹಿಡ್ಕೊಂಡು ಬಂದು ಪಕ್ಕದಲ್ಲಿ ಕಲ್ಲಿನ ಮೇಲೆ ಕೂತಳು. ಎಂಟು ತುಂಬಿತ್ತು.

"ಏನ್ರೀ, ಗಾಡಿನ ಅಷ್ಟು ಬೈಬೇಡ್ರಿ. ಕೇಳಿಸ್ಕೊಳ್ಳುತ್ತೆ."

"ಕೇಳಿಸ್ಕೊಳ್ಳಲಿ. ನಾಳೆ ಸರಿ ಮಾಡ್ತೀನಿ."

"ನಾಳೆ ನಾಳೆ ಅಂತ ಎರಡು ತಿಂಗಳಾಯ್ತು." ಅವಳು ದನಿ ತಗ್ಗಿಸಿದಳು. "ನನಗೆ ಗಾಡಿ ಬೇಡ ಅಂತಲ್ಲ. ಆದ್ರೆ ನಡುದಾರೀಲಿ ನಿಂತ್ರೆ...?"

ಅವನಿಗೆ ಹೇಳೋಕೆ ಬಾಯಿವರೆಗೆ ಬಂತು. ಆದ್ರೆ ತುಂಬಿದ ಬಸುರಿ ಮುಂದೆ ದೆವ್ವದ ಮಾತಾಡ್ತಾರಾ? ಮಾವನಿಗೆ ಹೇಳಿದ್ರೆ ಇನ್ನೊಂದು ನಗೆಪಾಟಲು. ನುಂಗ್ಕೊಂಡ. ಯಾರಿಗೂ ಹೇಳಲಿಲ್ಲ. ಅಲ್ಲೇ ತಪ್ಪಿದ್ದು.

ಯುಗಾದಿ ಆಗಿ ಹತ್ತು ದಿನಕ್ಕೆ, ದಿನ ತುಂಬೋಕೆ ಮುಂಚೇನೇ, ಎಲ್ಲಾರೂ ಉಂಡು ಮಲಗಿದ ಮೇಲೆ ಶಾಮಲನಿಗೆ ನೋವು ಬಂತು. ಗಂಗುಲಪ್ಪ ಎತ್ತು ಬಿಚ್ಚೋಕೆ ಕೊಟ್ಟಿಗೆಗೆ ಓಡಿದ. ಕದಿರೇಶ ಜೀಪಿನ ಮುಂದೆ ಕೈ ಕಟ್ಟಿ ನಿಂತುಬಿಟ್ಟ. ಗಾಡಿ ಹತ್ತು ಅನ್ನೋಕೆ ಧೈರ್ಯ ಇಲ್ಲ, ಹತ್ತಬೇಡ ಅನ್ನೋಕೆ ಮನಸ್ಸಿಲ್ಲ.

ಗಂಗುಲಪ್ಪನ ತಾಯಿ ಚಿಕ್ಕಗಂಗಮ್ಮ, ಎಂಬತ್ತರ ಹತ್ರದ ಮುದುಕಿ, ಹಿತ್ತಾಳೆ ಚೊಂಬಿನಲ್ಲಿ ಕಾಯಿಸಿದ ನೀರು ತುಂಬ್ಕೊಂಡು ಹೊರಗೆ ಬಂದಳು.

"ಹೋದ ಸಲ ಎತ್ತು ನೋಡಿದ್ವಿ. ಈ ಸಲ ಜೀಪು ನೋಡೋಣ. ಎತ್ತಿ ಕೂರಿಸೋ ಅವಳನ್ನ."

"ಅಮ್ಮಾ, ಅದು ನಿಂತುಹೋಗುತ್ತೆ!" ಅಂದ ಗಂಗುಲಪ್ಪ.

"ನಿಂತಲ್ಲಿಂದ ನೀನು ಎತ್ತಾಕ್ಕೊಂಡು ಹೋಗು. ಗಾಡಿ ಕಟ್ಟಿಕೊಂಡು ಹಿಂದೆ ಬಾ."

ಹೊರಟ್ರು. ಹಿಂದೆ ಮುದುಕಿ ತೊಡೆ ಮೇಲೆ ಶಾಮಲನ ತಲೆ. ಮೂರು ಮೈಲಿ ಉದ್ದಕ್ಕೂ ಶಾಮಲ ಹಲ್ಲು ಕಚ್ಚಿದ ಸದ್ದು ಕದಿರೇಶನಿಗೆ ಇಂಜಿನ್ ಸದ್ದಿನ ಮೇಲೂ ಕೇಳ್ತಿತ್ತು. ದೀಪದ ಬೆಳಕಿಗೆ ಆಲದ ಬಿಳಲು ಕಂಡವು. ಅವನ ಕಾಲು ತಾನಾಗಿ ಒತ್ತಿತು. ಆಗ...

"ನಿಲ್ಲೂ..."

"ಏಯ್" ಅಂದಳು ಮುದುಕಿ. "ಯಾರೋ ಅದು?"

"ನಿಮಗೂ ಕೇಳಿಸ್ತಾ ಅವ್ವಾ?" ಅಂದ ಕದಿರೇಶ. "ಪ್ರತಿ ಸಲಾನೂ ಹೀಗೇ. ನಿಲ್ಲು ಅಂತದೆ. ನಾನು ನಿಲ್ಲಿಸಲ್ಲ..."

"ನಿಲ್ಲಿಸೋ!"

"ನಿಲ್ಲು ಅಂದಾಗ ನಿಲ್ಲಬಾರದು ಅವ್ವಾ!"

"ನಿನ್ನ ಮಾಲೂರು ಕಿವಿಗೆ ಮಣ್ಣು ಬೀಳ! ನಿಲ್ಲು ಅಲ್ಲ ಕಣೋ... ನೀಳ್ಳು. ನೀಳ್ಳು ಅಂತಿದಾಳೆ. ತೆಲುಗೋಳು ಅವಳು. ನಿಲ್ಲಿಸು ಅನ್ನೋಕೆ 'ಆಪು' ಅಂತಿದ್ಲು, 'ನಿಲ್ಲು' ಯಾಕಂತಾಳೆ? ನೀರು ಕೇಳ್ತಿದಾಳೆ ಕಣೋ... ನೀರು!"

ನೀಳ್ಳು ಅಂದ್ರೆ ನೀರು ಅಂತ ಕದಿರೇಶನಿಗೆ ಗೊತ್ತಿರಲಿಲ್ಲ ಅಂತಲ್ಲ. ನಾಲ್ಕು ವರ್ಷ ಆ ಮನೆಯಲ್ಲಿ ಉಂಡವನು. ಆದ್ರೆ ಹೆದರಿದ ಕಿವಿ ತಾಯಿ ಮಾತಿನಲ್ಲೇ ಕೇಳುತ್ತೆ.

ಬ್ರೇಕು ಒತ್ತಿದ. ಕಿರ್ರ್... ಜೀಪು ಸರಿಯಾಗಿ ಬಾವಿ ಮುಂದೆ ನಿಂತಿತು. ಇಳಿದು ರೇಡಿಯೇಟರ್ ಮುಚ್ಚಳ ತೆಗೆದ. ಆಗ್ಲೇ ಒಣಗಿಹೋಗಿತ್ತು. ಹೊರಡೋವಾಗ ತುಂಬಿಟ್ಟಿದ್ದ ಡಬ್ಬಾ ಅಲುಗಿಸಿದ. ಖಾಲಿ. ಇನ್ನು ಜೀಪಿನಲ್ಲಿ ಉಳಿದಿದ್ದ ನೀರು ಅಂದ್ರೆ ಮುದುಕಿ ಕೈಯಲ್ಲಿದ್ದ ಚೊಂಬು ಒಂದೇ.

ಮುದುಕಿ ಬಗ್ಗಿ ಪಿಸುಗುಟ್ಟಿದಳು. "ಶಾಮಲಾ, ಇದು ನಿನ್ನ ನೀರು. ಕೊಡಲೇನೇ?"

"ಕೊಡು ಅವ್ವಾ" ಅಂದಳು ಶಾಮಲ. ತುಟಿ ಬಿರಿದಿತ್ತು. "ಬಾಯಾರೋದು ಏನಂತ ನನಗೀಗ ಗೊತ್ತು."

ಮುದುಕಿ ಕದಿರೇಶನ ಮೊಣಕೈ ಹಿಡ್ಕೊಂಡು ಇಳಿದಳು. ಕದಿರೇಶ ಚೊಂಬು ಇಸ್ಕೊಂಡು ಕಟ್ಟೆ ಕೆಳಗೆ, ನೆಲದ ಮೇಲೆ ಇಡೋಕೆ ಹೋದ.

"ಕೆಳಗೆ ಬೇಡ" ಅಂದಳು ಮುದುಕಿ. "ಕಟ್ಟೆ ಮೇಲೆ ಇಡು. ಮೇಲೇ ಇಡು." ಆಮೇಲೆ ಕತ್ತಲಿಗೆ ಹೇಳಿದಳು, ಮಗಳಿಗೆ ಹೇಳೋ ಹಾಗೆ, "ತಾಗಮ್ಮಾ."

ಕುಡಿ ತಾಯಿ ಅಂತ.

ಇಬ್ಬರೂ ಬೆನ್ನು ತಿರುಗಿಸಿ ನಿಂತ್ರು. ಚೊಂಬು ಕಲ್ಲಿನ ಮೇಲೆ ಜರುಗಿದ ಸದ್ದು... ಕರ್ರ್. ಗುಳುಕ್... ಗುಳುಕ್... ಆಮೇಲೆ ಒಂದು ಉದ್ದನೆಯ ಉಸಿರು. ಆಮೇಲೆ... ಠಣ್. ಚೊಂಬು ಕೆಳಗಿಟ್ಟ ಸದ್ದು.

"ಈಗ ಹೋಗು" ಅಂದಳು ಮುದುಕಿ.

"ನೀರಿಲ್ದೆ ಹನ್ನೆರಡು ಮೈಲಿ ಹೇಗವ್ವಾ? ಇಂಜಿನ್ನು ಹಿಡ್ಕೊಳ್ಳುತ್ತೆ!"

"ಹೋಗು ಅಂದೆ."

ಹೋದ. ಪ್ರತಿ ಮೈಲಿಗೂ ಕಿವಿ ನಿಮಿರಿಸ್ಕೊಂಡು ಹೋದ. ಈಗ ಕುದಿಯುತ್ತೆ, ಈಗ ಸೀದ ವಾಸನೆ ಬರುತ್ತೆ, ಈಗ ಕಟ ಕಟ ಅಂತದೆ... ಏನೂ ಬರಲಿಲ್ಲ. ಇಂಜಿನ್ನು ಮಗು ಗೊರಕೆ ಹೊಡೆದ ಹಾಗೆ ಒಂದೇ ಸಮ ಓಡಿತು. ಆಸ್ಪತ್ರೆ ಮುಟ್ಟಿ ಕಾಲು ಗಂಟೆಗೆ ಹೆಣ್ಣು ಮಗು ಹುಟ್ಟಿತು. ಅದರ ಅಳು ಬೀದಿವರೆಗೂ ಕೇಳಿಸ್ತಂತೆ.

ಆಸ್ಪತ್ರೆ ಜಗಲಿಯಲ್ಲಿ ಚಿಕ್ಕಗಂಗಮ್ಮ ಕದಿರೇಶನಿಗೆ ಒಂದು ಮಾತು ಹೇಳಿದಳು, ಪಿಸುಮಾತಲ್ಲಿ. ತಾನು ಹೊಸದಾಗಿ ಮದುವೆಯಾಗಿ ಬಂದ ವರ್ಷ ಆ ರಸ್ತೆ ಹಾಕ್ತಿದ್ರಂತೆ. ಕಲ್ಲು ಹೊರೋಕೆ ಆಂಧ್ರದ ಕಡೆಯಿಂದ ಆಳುಗಳು ಬಂದಿದ್ರು. ಆ ಜನ ಬಾವಿ ಕಟ್ಟೆ ಹತ್ತಬಾರದು ಅಂತ ಊರೋರು ಕಟ್ಟು ಮಾಡಿದ್ರು. ಯಾರಾದ್ರೂ ಸೇದಿ ಮೇಲಿಂದ ಬೊಗಸೆಗೆ ಹುಯ್ಯೋವರೆಗೂ ಕಾಯಬೇಕು. ಒಂದು ಮಧ್ಯಾಹ್ನ ಆ ಆಳುಗಳಲ್ಲಿ ಒಬ್ಬಳು, ಒರಟು ಸೀರೆಯೋಳು, ಕಟ್ಟೆ ಕೆಳಗೆ ಕೂತು ಬೊಗಸೆ ಒಡ್ಡಿ "ನೀಳ್ಳು" ಅಂದಳು. "ಆಗ ನಮ್ಮ ಹೊಲ ಆ ಬಾವಿ ಪಕ್ಕದಲ್ಲೇ ಇತ್ತು. ನಾನು ಸೇದ್ತಾ ಇದ್ದೆ. ನಮ್ಮತ್ತೆ ಕೂಗಿದ್ರು. ಬಿಟ್ಟು ಹೋದೆ. ಸಾಯಂಕಾಲ ಬಂದಾಗ ಅವಳು ಹಾಗೇ ಕೂತಿದ್ಲು... ಬೊಗಸೆ ಒಡ್ಕೊಂಡೇ. ಜೀವ ಇರಲಿಲ್ಲ. ನೋಡು, ಸತ್ತಮೇಲೂ ಆ ಬಾವಿ ಮುಟ್ಟಿಲ್ಲ ಅವಳು. ನಿನ್ನ ಡಬ್ಬಾದಲ್ಲಿ ಕುಡಿದ್ಲು, ಗಾಡಿಯಲ್ಲಿ ಕುಡಿದ್ಲು. ಬಾವಿ ಮುಟ್ಟಲಿಲ್ಲ."

ಆಮೇಲೆ ಏನಾದ್ರು ಅಂತ ಕೇಳ್ತೀರಾ? ಹೇಳ್ತೀನಿ.

ಗಂಗುಲಪ್ಪ ದಾರಿಯುದ್ದಕ್ಕೂ ನಿಂತ ಜೀಪು ಹುಡುಕ್ತಾ ಬಂದು, ಬೆಳಗ್ಗೆ ಆಸ್ಪತ್ರೆ ಮುಂದೆ ಎತ್ತು ಬಿಚ್ಚಿದ. "ಎಲ್ಲೂ ನಿಲ್ಲಲಿಲ್ವಾ?" ಅಂತ ಮೂರು ಸಲ ಕೇಳಿದನಂತೆ. ಅಲ್ಲಿಂದಾಚೆ ಅಳಿಯನಿಗೆ ಒಂದೂ ಹಾಸ್ಯ ಮಾಡಲಿಲ್ಲ. ಹಾಸ್ಯ ಇಲ್ದೆ ಸೊರಗಿ ಸೊರಗಿ, ಮೊಮ್ಮಗಳು ಮಾತು ಕಲಿತ ಮೇಲೆ ಅವಳ ಹತ್ರ ಬೈಸ್ಕೊಂಡು ಗೆಲುವಾದ. ಎಪ್ಪತ್ತಾರು ವಯಸ್ಸಿಗೆ ತೋಪಿನಲ್ಲೇ ಕಣ್ಣು ಮುಚ್ಚಿದ.

ಚಿಕ್ಕಗಂಗಮ್ಮ ಇನ್ನೂ ಆರು ವರ್ಷ ಬದುಕಿದ್ಲು. ಆ ವರ್ಷಗಳಲ್ಲಿ ಒಂದು ದಿನಾನೂ ತಾನು ಕುಡಿಯೋಕೆ ಮುಂಚೆ ಬಾವಿ ಕಟ್ಟೆಗೆ ಒಂದು ಬಿಂದಿಗೆ ನೀರು ಕಳಿಸದೆ ಇರಲಿಲ್ಲ. ಕದಿರೇಶ ಶಿವಾರಪಟ್ಟಣದಿಂದ ಒಂದು ಕಲ್ಲಿನ ಬಾನಿ ಕಡೆಸಿ ತಂದು ಕಟ್ಟೆ ಮೇಲೇ ಕೂರಿಸಿದ. ಜೀಪು ಹನ್ನೊಂದು ವರ್ಷ ಓಡಿತು, ಎಷ್ಟು ಬಸುರಿಯರನ್ನ ಸಾಗಿಸಿತೋ ಲೆಕ್ಕ ಇಲ್ಲ. ಒಂದು ತೊಟ್ಟು ಸೋರಲಿಲ್ಲ. ಶಾಮಲನಿಗೆ ಇನ್ನೂ ಇಬ್ಬರು ಗಂಡುಮಕ್ಕಳಾದ್ರು. ಆ ಹೆಣ್ಣು ಮಗು ಈಗ ಮುಳಬಾಗಿಲಲ್ಲಿ ನರ್ಸು.

ಇನ್ನು ಮುನಿಶಾಮಿ. ಮಗು ಹುಟ್ಟಿದ ಬೆಳಗ್ಗೆ ಜೀಪು ನೋಡೋಕೆ ಅವನೇ ಆಸ್ಪತ್ರೆ ಮುಂದೆ ಬಂದಿದ್ದ. ಬಾನೆಟ್ಟು ಎತ್ತಿದ, ನೋಡಿದ, ಏನೋ ಅಂಗಿಯೊಳಗೆ ಸೇರಿಸ್ಕೊಂಡ, ಬಾನೆಟ್ಟು ಮುಚ್ಚಿ ಹೋದ. ಯಾರು ಕೇಳಿದ್ರೂ ಬೀಡಿ ಹಚ್ಚುತ್ತಿದ್ದ. ಹದಿನಾಲ್ಕು ವರ್ಷದ ಮೇಲೆ, ಶೆಡ್ಡು ಮಗನಿಗೆ ಬಿಟ್ಟುಕೊಟ್ಟು ಮನೆ ಸೇರಿದ ಮೇಲೆ, ನಾನು ಅವನನ್ನ ಮಾತಾಡಿಸೋಕೆ ಹೋಗಿದ್ದೆ. ಅವತ್ತು ಟ್ರಂಕು ತೆಗೆದು ತೋರಿಸಿದ.

ಒರಟು ಸೀರೆಯಿಂದ ಹರಿದ ಒಂದು ತುಂಡು. ನಾಲ್ಕು ಮಡಿಕೆ ಮಡಚಿತ್ತು. ಜ್ವರ ಬಂದ ಮಕ್ಕಳ ಹಣೆ ಮೇಲೆ ಹಾಕ್ತೀವಲ್ಲ, ಹಾಗೆ ಇಂಜಿನ್ನಿನ ನೆತ್ತಿ ಮೇಲೆ ಹಾಸಿತ್ತಂತೆ.

ನಾನು ಮುಟ್ಟಿ ನೋಡಿದೆ. ನೀವು ನಂಬಿ, ಬಿಡಿ. ಈ ಕೈಯಿಂದ ಮುಟ್ಟಿದ್ದೀನಿ. ಹದಿನಾಲ್ಕು ವರ್ಷ ಟ್ರಂಕಿನಲ್ಲಿದ್ದ ಬಟ್ಟೆ...

ಒದ್ದೆ ಇತ್ತು.